ಹೈಡ್ರಾಲಿಕ್ ಕ್ಲಚ್ ಪೆಡಲ್: ಚಾಲಕನ ಕಾಲಿಗೆ ಹಿತ, ಮಾಲೀಕನ ಖರ್ಚಿಗೆ ಮಿತ

ಸಗಟು ವ್ಯಾಪಾರವಿರಲಿ, ಸಣ್ಣ ಕೈಗಾರಿಕೆಯಿರಲಿ, ಸರಕು ಸಾಗಣೆಯ ವಾಹನವಿಲ್ಲದೆ ಇಂದು ವ್ಯವಹಾರ ನಡೆಯುವುದಿಲ್ಲ. ಆದರೆ ಬಹುಪಾಲು ಸಂಸ್ಥೆಗಳ ಲೆಕ್ಕಪುಸ್ತಕಗಳಲ್ಲಿ ವಾಹನಕ್ಕೆ ಸಂಬಂಧಿಸಿದ ಖರ್ಚೆಲ್ಲವೂ ‘ವಾಹನ ದುರಸ್ತಿ ಮತ್ತು ನಿರ್ವಹಣೆ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಹೋಗುತ್ತದೆ. ಟೈರಿನ ಖರ್ಚೆಷ್ಟು, ಬ್ರೇಕಿನ ಖರ್ಚೆಷ್ಟು, ಕ್ಲಚ್ಚಿನ ಖರ್ಚೆಷ್ಟು ಎಂಬುದನ್ನು ಬಿಡಿಸಿ ನೋಡುವ ಪರಿಪಾಠ ನಮ್ಮಲ್ಲಿ ಕಡಿಮೆ. ಹಾಗೆ ಬಿಡಿಸಿ ನೋಡಿದಾಗ ಕಂಡುಬಂದ ಒಂದು ಸಂಗತಿಯೇ ಪ್ರಸ್ತುತ ಲೇಖನಕ್ಕೆ ಕಾರಣ.

ಲೆಕ್ಕ ಪರಿಶೋಧಕನು ಕ್ಲಚ್ ಪೆಡಲ್ಲಿನ ಬಗ್ಗೆ ಬರೆಯುವುದೇ ಎಂದು ಸದಸ್ಯರಿಗೆ ಆಶ್ಚರ್ಯವಾಗಬಹುದು. ನಾನು ಯಂತ್ರಶಾಸ್ತ್ರ ಓದಿದವನಲ್ಲ, ವಾಣಿಜ್ಯ ಪದವೀಧರ. ಆದರೂ ಈ ವಿಷಯದಲ್ಲಿ ಅಡಗಿರುವುದು ಬಹುಮಟ್ಟಿಗೆ ಜಮಾಖರ್ಚಿನ ತತ್ವವೇ ಎಂಬುದು ನನಗೆ ಮನವರಿಕೆಯಾಗಿದೆ.

ಒಂದು ಪ್ರಕರಣ

ಚಾಮರಾಜಪೇಟೆಯಲ್ಲಿ ಸಗಟು ವ್ಯಾಪಾರ ನಡೆಸುವ ನನ್ನ ಕಕ್ಷಿದಾರರೊಬ್ಬರ ಬಳಿ ಒಂದೇ ತಯಾರಿಕೆಯ, ಒಂದೇ ವರ್ಷ ಕೊಂಡ ಎರಡು ಲಘು ಸರಕು ವಾಹನಗಳಿದ್ದವು. ವರ್ಷಾಂತ್ಯದಲ್ಲಿ ವೋಚರುಗಳನ್ನು ಪರಿಶೀಲಿಸುವಾಗ ಒಂದು ವಾಹನಕ್ಕೆ ಹದಿನೆಂಟು ತಿಂಗಳಲ್ಲಿ ಮೂರು ಬಾರಿ ಕ್ಲಚ್ ಪ್ಲೇಟ್ ಬದಲಾಯಿಸಿರುವುದು ಗಮನಕ್ಕೆ ಬಂತು. ಮೂರೂ ಬಿಲ್ಲುಗಳ ಮೊತ್ತ ಮೂವತ್ತು ಸಾವಿರ ರೂಪಾಯಿಗಳನ್ನು ಮೀರಿತ್ತು. ಇನ್ನೊಂದು ವಾಹನಕ್ಕೆ ಒಮ್ಮೆಯೂ ಬದಲಾಯಿಸಿರಲಿಲ್ಲ. ಎರಡೂ ಸಾಗುತ್ತಿದ್ದುದು ಅದೇ ದಾರಿಗಳಲ್ಲಿ: ತರಗುಪೇಟೆ, ಕಲಾಸಿಪಾಳ್ಯ, ಸಿರ್ಸಿ ವೃತ್ತ, ಮೈಸೂರು ರಸ್ತೆ.

ಕಕ್ಷಿದಾರರು ಆಗಲೇ ತೀರ್ಮಾನಕ್ಕೆ ಬಂದುಬಿಟ್ಟಿದ್ದರು. “ಆ ಡ್ರೈವರು ಹಾಫ್ ಕ್ಲಚ್ಚಿನಲ್ಲೇ ಗಾಡಿ ಓಡಿಸುತ್ತಾನೆ ಸಾರ್. ಮೂರನೆಯ ಪ್ಲೇಟಿನ ದುಡ್ಡನ್ನು ಅವನ ಸಂಬಳದಲ್ಲಿ ಹಿಡಿಯುತ್ತಿದ್ದೇನೆ. ದೀಪಾವಳಿ ಕಳೆದ ಮೇಲೆ ಬೇರೆಯವನನ್ನು ನೋಡಬೇಕು” ಎಂದರು. ಸಂಬಳದ ಪುಸ್ತಕದಲ್ಲಿ ತಿಂಗಳಿಗೆ ಸಾವಿರ ರೂಪಾಯಿಯಂತೆ ಕಡಿತ ನಮೂದಾಗಿತ್ತು. ಹನ್ನೊಂದು ವರ್ಷ ಅದೇ ಅಂಗಡಿಯಲ್ಲಿ ದುಡಿದ ಮನುಷ್ಯ ಅವನು. ಕರೆಸಿ ಕೇಳಿದಾಗ, “ಗಾಡಿ ಬಿಸಿಯಾದ ಮೇಲೆ ತಾನಾಗಿಯೇ ಕ್ಲಚ್ ಜಾರುತ್ತದೆ ಸಾಹುಕಾರ್ರೇ, ನಾನು ಕಾಲು ಇಟ್ಟಿರುವುದಿಲ್ಲ. ಪೆಡಲ್ ಒತ್ತೀ ಒತ್ತೀ ಎಡಮಂಡಿ ಹಿಡಿದುಕೊಂಡಿದೆ” ಎಂದಷ್ಟೇ ಹೇಳಿದ.

‘ಬಿಸಿಯಾದ ಮೇಲೆ’ ಎಂಬ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಚಾಲಕನ ಅಭ್ಯಾಸವೇ ದೋಷಪೂರಿತವಾಗಿದ್ದರೆ ಬೆಳಗಿನ ಮೊದಲ ಫೇರಿಯಲ್ಲೂ ಜಾರಬೇಕಲ್ಲವೇ? ವಾಹನವನ್ನು ಕಲಾಸಿಪಾಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಲು ಸಲಹೆಯಿತ್ತೆ. ಅವರು ಕಂಡುಹಿಡಿದುದನ್ನು ಮುಂದೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ವ್ಯವಸ್ಥೆಯ ಪರಿಚಯ ಅಗತ್ಯ.

ಹೈಡ್ರಾಲಿಕ್ ಕ್ಲಚ್ ಎಂದರೇನು?

ಎಂಜಿನ್ನಿನ ಶಕ್ತಿಯನ್ನು ಗೇರ್ ಪೆಟ್ಟಿಗೆಗೆ ಜೋಡಿಸುವ, ಬೇಕಾದಾಗ ಬೇರ್ಪಡಿಸುವ ಸಾಧನವೇ ಕ್ಲಚ್. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟುಗಳ ನಡುವೆ ಕ್ಲಚ್ ಪ್ಲೇಟನ್ನು ಬಲವಾದ ಸ್ಪ್ರಿಂಗೊಂದು ಸದಾ ಅದುಮಿ ಹಿಡಿದಿರುತ್ತದೆ. ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಈ ಸ್ಪ್ರಿಂಗನ್ನು ತಳ್ಳಿ ಹಿಡಿತವನ್ನು ಸಡಿಲಿಸುತ್ತದೆ. ಚಿಕ್ಕ ವಾಹನಗಳಲ್ಲಿ ಪೆಡಲ್ಲಿಗೂ ಬೇರಿಂಗಿಗೂ ನಡುವೆ ಕೇಬಲ್ ಇರುತ್ತದೆ. ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಕೇಬಲ್ಲಿನ ಬದಲು ದ್ರವವಿರುತ್ತದೆ.

ಪೆಡಲ್ ಒತ್ತಿದೊಡನೆ ಪುಷ್ ರಾಡ್ ಎಂಬ ಸಲಾಕೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ದೂಡುತ್ತದೆ. ಅಲ್ಲಿನ ದ್ರವ ಕೊಳವೆಯ ಮೂಲಕ ಹರಿದು ಗೇರ್ ಪೆಟ್ಟಿಗೆಯ ಬಳಿಯಿರುವ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ಹೊರದೂಡುತ್ತದೆ. ಅದು ಫೋರ್ಕ್ ಎಂಬ ಸನ್ನೆಯನ್ನು ತಿರುಗಿಸಿ ಬೇರಿಂಗನ್ನು ಮುಂದೊತ್ತುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ ಕಂಡುಕೊಂಡ ನಿಯಮ. ಅದೇ ನಿಯಮದ ಆಧಾರದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದನು. ನಮ್ಮ ಸದಸ್ಯರ ಕಾರ್ಖಾನೆಗಳಲ್ಲಿರುವ ಹೈಡ್ರಾಲಿಕ್ ಪ್ರೆಸ್ಸಿಗೂ ವಾಹನದ ಕ್ಲಚ್ಚಿಗೂ ತತ್ವ ಒಂದೇ.

ಬಲದ ಜಮೆ, ಚಲನೆಯ ಖರ್ಚು

ಪೆಡಲ್ ಹಗುರವಾಗಬೇಕೆಂಬುದು ಎಲ್ಲ ಚಾಲಕರ ಅಪೇಕ್ಷೆ. ಆದರೆ ಇಲ್ಲಿ ಯಾವುದೂ ಪುಕ್ಕಟೆಯಾಗಿ ಬರುವುದಿಲ್ಲ. ಬಲದ ಖಾತೆಯಲ್ಲಿ ಎಷ್ಟು ಜಮೆಯಾಗುತ್ತದೆಯೋ ಚಲನೆಯ ಖಾತೆಯಲ್ಲಿ ಅಷ್ಟೇ ಖರ್ಚು ಬೀಳುತ್ತದೆ. ಉದಾಹರಣೆಯ ಲೆಕ್ಕವೊಂದನ್ನು ನೋಡೋಣ.

ರಿಲೀಸ್ ಬೇರಿಂಗನ್ನು ಒತ್ತಲು 160 ಕಿಲೋ ಬಲ ಬೇಕು, ಅದು 8 ಮಿ.ಮೀ. ಚಲಿಸಬೇಕು ಎಂದಿಟ್ಟುಕೊಳ್ಳೋಣ. ಫೋರ್ಕಿನ ಅನುಪಾತ 2, ಪೆಡಲ್ ಸನ್ನೆಯ ಅನುಪಾತ 6. ಸ್ಲೇವ್ ಸಿಲಿಂಡರಿನ ಒಳವ್ಯಾಸ 22.22 ಮಿ.ಮೀ., ಅಂದರೆ ಏಳೆಂಟಾಂಶ ಇಂಚು. ಮಾಸ್ಟರ್ ಸಿಲಿಂಡರಿನದು 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು. ಎರಡರ ವಿಸ್ತೀರ್ಣಗಳ ಅನುಪಾತ ಸುಮಾರು 1.36 ಆಗುತ್ತದೆ.

ಬಲದ ಲೆಕ್ಕ: 160 ಕಿಲೋವನ್ನು 2ರಿಂದ, ಬಳಿಕ 1.36ರಿಂದ, ಬಳಿಕ 6ರಿಂದ ಭಾಗಿಸಿದರೆ ಪೆಡಲ್ಲಿನ ಮೇಲೆ ಬೇಕಾಗುವ ಬಲ ಸುಮಾರು 9.8 ಕಿಲೋ. ಘರ್ಷಣೆಯನ್ನೂ ಹಿಂದೆಳೆಯುವ ಸ್ಪ್ರಿಂಗನ್ನೂ ಸೇರಿಸಿದರೆ 11–12 ಕಿಲೋ ಆಗಬಹುದು.

ಚಲನೆಯ ಲೆಕ್ಕ: 8 ಮಿ.ಮೀ.ಯನ್ನು ಅದೇ ಮೂರು ಸಂಖ್ಯೆಗಳಿಂದ ಗುಣಿಸಿದರೆ ಪೆಡಲ್ ಸುಮಾರು 131 ಮಿ.ಮೀ. ಇಳಿಯಬೇಕು. ಪೆಡಲ್ಲಿಗೆ ಒಟ್ಟು 150 ಮಿ.ಮೀ. ಅವಕಾಶವಿದ್ದರೆ ಇದು ಸರಿಹೋಗುತ್ತದೆ.

ಈಗ ಯಾರೋ ಹೇಳಿದರೆಂದು ಹಗುರವಾಗಲು ಎಂಟನೇ ಐದು ಇಂಚಿನ, ಅಂದರೆ 15.87 ಮಿ.ಮೀ. ಒಳವ್ಯಾಸದ ಚಿಕ್ಕ ಮಾಸ್ಟರ್ ಸಿಲಿಂಡರ್ ಹಾಕಿಸಿದರೆಂದು ಭಾವಿಸೋಣ. ಬಲ 6.8 ಕಿಲೋಗೆ ಇಳಿಯುತ್ತದೆ. ಕಾಲಿಗೆ ಬಹಳ ಹಿತ. ಆದರೆ ಚಲನೆ 188 ಮಿ.ಮೀ.ಗೆ ಏರುತ್ತದೆ. ಇರುವುದು 150 ಮಾತ್ರ. ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ, ಕೊನೆಗೆ ಗೇರ್ ಪೆಟ್ಟಿಗೆಯ ದುರಸ್ತಿ ಬರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಏಳೆಂಟಾಂಶ ಇಂಚಿನ ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಚಲನೆ 96 ಮಿ.ಮೀ.ಗೆ ತಗ್ಗುತ್ತದೆ, ಬಲ 13.3 ಕಿಲೋಗೆ ಏರುತ್ತದೆ. ಪೆಡಲ್ ಬಿಗಿ, ಕ್ಲಚ್ ಹಿಡಿಯುವುದು ಥಟ್ಟನೆ. ಸಂದಣಿಯಲ್ಲಿ ನಯವಾಗಿ ಹೊರಡುವುದು ಕಷ್ಟ.

ಮೂರೂ ಸಂದರ್ಭಗಳಲ್ಲಿ ಬಲವನ್ನು ಚಲನೆಯಿಂದ ಗುಣಿಸಿ ನೋಡಿರಿ. ಹೆಚ್ಚುಕಡಿಮೆ 1,280 ಬರುತ್ತದೆ. ಬೇರಿಂಗಿನ 160ನ್ನು 8ರಿಂದ ಗುಣಿಸಿದರೂ ಅಷ್ಟೇ. ತಾಳೆಪಟ್ಟಿಯ ಎರಡೂ ಬದಿ ಸಮ. ಆದ್ದರಿಂದ ಸಿಲಿಂಡರಿನ ಅಳತೆಯನ್ನು ತಯಾರಕರು ನಿಗದಿಪಡಿಸಿದಂತೆಯೇ ಉಳಿಸಿಕೊಳ್ಳುವುದು ಲೇಸು. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವಾಗ ಹೊರನೋಟಕ್ಕೆ ಒಂದೇ ರೀತಿ ಕಂಡರೂ ಒಳವ್ಯಾಸ ಬೇರೆಯಿರಬಹುದು. ಹಳೆಯ ಸಿಲಿಂಡರಿನ ಮೇಲೆ ಅಚ್ಚಾಗಿರುವ ಅಳತೆಯನ್ನೂ ಬಿಡಿಭಾಗದ ಸಂಖ್ಯೆಯನ್ನೂ ಹೋಲಿಸಿಯೇ ಕೊಳ್ಳಬೇಕು.

ಹಾಗಾದರೆ ಹಿತವಾದ ಪೆಡಲ್ ಎಲ್ಲಿಂದ ಬರುತ್ತದೆ? ಅಳತೆ ಬದಲಾಯಿಸುವುದರಿಂದಲ್ಲ, ನಡುವೆ ಸೋರಿಹೋಗುತ್ತಿರುವ ಬಲವನ್ನೂ ಚಲನೆಯನ್ನೂ ತಡೆಯುವುದರಿಂದ. ಮೇಲಿನ 9.8 ಕಿಲೋ ಅನಿವಾರ್ಯ ಖರ್ಚು. ಅದರ ಮೇಲೆ ಒಣಗಿದ ಬುಷ್, ತುಕ್ಕು, ಹಳೆಯ ಹೋಸ್ ಇವುಗಳಿಂದ ಸೇರುವ ಮೂರು ನಾಲ್ಕು ಕಿಲೋ ದುಂದು. ನಗರದ ಸಂದಣಿಯಲ್ಲಿ ಚಾಲಕನು ದಿನಕ್ಕೆ 500 ಬಾರಿ ಕ್ಲಚ್ ಒತ್ತುತ್ತಾನೆಂದು ಲೆಕ್ಕ ಹಿಡಿದರೆ ಪ್ರತಿ ಸಲದ 3 ಕಿಲೋ ಹೆಚ್ಚುವರಿ ಭಾರ ಸಂಜೆಯ ಹೊತ್ತಿಗೆ 1,500 ಕಿಲೋ ಆಗುತ್ತದೆ. ಅಷ್ಟನ್ನೂ ಹೊರುವುದು ಒಂದೇ ಮಂಡಿ.

ಸರಿಪಡಿಸುವ ಕ್ರಮ

ಕೆಳಗಿನ ಕ್ರಮವನ್ನು ಮೇಲಿನಿಂದ ಕೆಳಕ್ಕೆ ಅನುಸರಿಸಬೇಕು. ಮೊದಲನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ.

1. ಆಸನ. ಪೆಡಲ್ಲನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಕಾಲು ನೆಟ್ಟಗೆ ಚಾಚಿಕೊಂಡರೆ ಸೊಂಟ ಮುಂದಕ್ಕೆ ಜಾರುತ್ತದೆ, ಬಲವೆಲ್ಲ ಮಂಡಿಯ ಕೀಲಿನ ಮೇಲೆ ಬೀಳುತ್ತದೆ. ಆಸನ ಸರಿಯುವ ಹಳಿ ತುಕ್ಕು ಹಿಡಿದು ಒಂದೇ ಕಡೆ ನಿಂತಿದ್ದರೆ ಬಿಡಿಸಬೇಕು. ಪೆಡಲ್ಲಿನ ಕೆಳಗೆ ದಪ್ಪನೆಯ ಮ್ಯಾಟು ಇದ್ದರೆ ಪೂರ್ತಿ ಚಲನೆ ದೊರಕದು, ತೆಗೆಯಬೇಕು.

2. ಪೆಡಲ್ಲಿನ ಎತ್ತರ. ನೆಲದಿಂದ ಪೆಡಲ್ಲಿನ ಎತ್ತರವನ್ನು ತಯಾರಕರ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಮೇಲಿನ ತಡೆ ಬೋಲ್ಟಿನಿಂದ ಇದನ್ನು ಹೊಂದಿಸಲಾಗುತ್ತದೆ. ಸಾಮಾನ್ಯವಾಗಿ ಬ್ರೇಕ್ ಪೆಡಲ್ಲಿಗೆ ಸರಿಸುಮಾರು ಸಮನಾಗಿದ್ದರೆ ಕಾಲಿಗೆ ಅನುಕೂಲ.

3. ಬುಷ್ ಮತ್ತು ಕೀಲು. ಪೆಡಲ್ ತೂಗುವ ಕೀಲಿನ ಬುಷ್, ಪುಷ್ ರಾಡಿನ ಪಿನ್ನು, ಫೋರ್ಕಿನ ಗೋಲಾಕಾರದ ಆಧಾರ ಈ ಮೂರು ಕಡೆ ಗ್ರೀಸ್ ಇರಬೇಕು. ಪೆಡಲ್ಲನ್ನು ಪುಷ್ ರಾಡಿನಿಂದ ಬಿಡಿಸಿ ಕೈಯಿಂದ ಆಡಿಸಿದರೆ ಅದು ತಡೆಯಿಲ್ಲದೆ ತೂಗಬೇಕು. ಇಲ್ಲಿಯೇ ಬಿಗಿಯಿದ್ದರೆ ದ್ರವವನ್ನು ದೂಷಿಸಿ ಫಲವಿಲ್ಲ. ರಿಲೀಸ್ ಬೇರಿಂಗ್ ಜಾರುವ ಕೊಳವೆ ಒಳಗಿರುವುದರಿಂದ ಗೇರ್ ಪೆಟ್ಟಿಗೆ ಇಳಿಸಿದಾಗ ಮಾತ್ರ ಅದನ್ನು ನೋಡಲು ಸಾಧ್ಯ. ಕ್ಲಚ್ ಪ್ಲೇಟ್ ಬದಲಾಯಿಸುವಾಗ ಅದನ್ನೂ ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಮುಂಚೆಯೇ ಹೇಳಿಡಬೇಕು.

4. ಫ್ರೀ ಪ್ಲೇ. ಪೆಡಲ್ ಒತ್ತಲಾರಂಭಿಸಿದ ಮೇಲೆ ಪಿಸ್ಟನ್ನಿಗೆ ಪುಷ್ ರಾಡ್ ತಾಗುವವರೆಗಿನ ಸಡಿಲವೇ ಫ್ರೀ ಪ್ಲೇ. ಮೆಕ್ಯಾನಿಕ್‌ಗಳು ಇದನ್ನು ಬರಿದೇ ‘ಪ್ಲೇ’ ಎನ್ನುತ್ತಾರೆ. ಪುಷ್ ರಾಡಿಗೂ ಪಿಸ್ಟನ್ನಿಗೂ ನಡುವೆ ಒಂದು ಮಿ.ಮೀ. ಅಂತರವಿದ್ದರೆ, ಸನ್ನೆಯ ಅನುಪಾತ ಆರಾದ್ದರಿಂದ, ಪೆಡಲ್ಲಿನಲ್ಲಿ ಆರು ಮಿ.ಮೀ. ಸಡಿಲ ಕಾಣುತ್ತದೆ. ಹಲವು ವಾಹನಗಳಲ್ಲಿ ಪೆಡಲ್ಲಿನ ಬಳಿ 5ರಿಂದ 15 ಮಿ.ಮೀ. ಇರಬೇಕೆಂದು ನಿಗದಿಯಾಗಿರುತ್ತದೆ. ತಮ್ಮ ವಾಹನದ ಕೈಪಿಡಿಯ ಅಂಕಿಯೇ ಪ್ರಮಾಣ.

ಈ ಸಡಿಲ ವ್ಯರ್ಥವೆಂದು ಹಲವರು ಭಾವಿಸುತ್ತಾರೆ. ಅದು ದೊಡ್ಡ ತಪ್ಪು. ಮಾಸ್ಟರ್ ಸಿಲಿಂಡರಿನಲ್ಲಿ ದ್ರವದ ಡಬ್ಬಿಗೆ ಹೋಗುವ ಸಣ್ಣ ರಂಧ್ರವೊಂದಿದೆ. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಸರಿದರೆ ಮಾತ್ರ ಆ ರಂಧ್ರ ತೆರೆಯುತ್ತದೆ. ಎಂಜಿನ್ನಿನ ಕಾವಿಗೆ ದ್ರವ ಹಿಗ್ಗಿದಾಗ ಹೆಚ್ಚಾದದ್ದು ಅದರ ಮೂಲಕ ಡಬ್ಬಿಗೆ ಮರಳುತ್ತದೆ. ಸಡಿಲವನ್ನು ಪೂರ್ತಿ ತೆಗೆದುಬಿಟ್ಟರೆ ಪಿಸ್ಟನ್ ರಂಧ್ರವನ್ನು ಮುಚ್ಚಿಕೊಂಡೇ ನಿಲ್ಲುತ್ತದೆ. ಹಿಗ್ಗಿದ ದ್ರವಕ್ಕೆ ಹೋಗಲು ದಾರಿಯಿಲ್ಲದೆ ಅದು ಸ್ಲೇವ್ ಸಿಲಿಂಡರನ್ನು ದೂಡುತ್ತದೆ. ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ ಅರೆಬರೆ ಬಿಟ್ಟುಕೊಂಡು ಜಾರಲಾರಂಭಿಸುತ್ತದೆ.

5. ದ್ರವ. ನಮ್ಮಲ್ಲಿ ಇದನ್ನು ‘ಬ್ರೇಕ್ ಆಯಿಲ್’ ಎಂದು ಕರೆಯುತ್ತಾರೆ. ಹೆಸರು ಆಯಿಲ್ ಎಂದಿದ್ದರೂ ಸಾಮಾನ್ಯವಾಗಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಖನಿಜ ಎಣ್ಣೆಯಲ್ಲ, ಗ್ಲೈಕಾಲ್ ವರ್ಗದವು. ಅವಸರಕ್ಕೆಂದು ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ಡಬ್ಬಿಗೆ ಸುರಿದರೆ ಒಳಗಿನ ರಬ್ಬರ್ ವಾಷರುಗಳು ಊದಿಕೊಂಡು ಎರಡೂ ಸಿಲಿಂಡರುಗಳು ಹಾಳಾಗುತ್ತವೆ. ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಬೇಕು.

ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕುದಿಯುವ ಕನಿಷ್ಠ ಮಟ್ಟ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 140. ಡಾಟ್ 4ಕ್ಕೆ ಇವು 230 ಮತ್ತು 155. ತೇವದಿಂದ ಸಿಲಿಂಡರಿನ ಒಳಮೈ ತುಕ್ಕು ಹಿಡಿಯುತ್ತದೆ, ವಾಷರ್ ಹರಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸುವುದು ಒಳ್ಳೆಯ ಪದ್ಧತಿ. ತೆರೆದಿಟ್ಟ ಹಳೆಯ ಡಬ್ಬಿಯ ದ್ರವವನ್ನು ಉಳಿತಾಯದ ದೃಷ್ಟಿಯಿಂದ ಬಳಸಬಾರದು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆಂಬುದೂ ನೆನಪಿರಲಿ.

6. ಗಾಳಿ ತೆಗೆಯುವುದು. ದ್ರವವನ್ನು ಅದುಮಿ ಕುಗ್ಗಿಸಲು ಆಗುವುದಿಲ್ಲ ಎನ್ನಬಹುದು, ಗಾಳಿಯನ್ನು ಕುಗ್ಗಿಸಬಹುದು. ನಮ್ಮ ಉದಾಹರಣೆಯಲ್ಲಿ ಮಾಸ್ಟರ್ ಪಿಸ್ಟನ್ನಿನ ವಿಸ್ತೀರ್ಣ 285 ಚದರ ಮಿ.ಮೀ. ವ್ಯವಸ್ಥೆಯೊಳಗೆ ಒಂದೇ ಒಂದು ಸಿ.ಸಿ. ಗಾಳಿ ಸೇರಿಕೊಂಡರೂ ಅದನ್ನು ಅದುಮಲು ಪಿಸ್ಟನ್ ಸುಮಾರು ಮೂರೂವರೆ ಮಿ.ಮೀ. ಚಲಿಸಬೇಕು. ಪೆಡಲ್ಲಿನಲ್ಲಿ ಅದು ಹತ್ತಿರ ಹತ್ತಿರ 20 ಮಿ.ಮೀ. ಅಷ್ಟು ಚಲನೆ ಲೆಕ್ಕಕ್ಕೇ ಬಾರದೆ ಹೋಗುತ್ತದೆ. ಪೆಡಲ್ ಸ್ಪಂಜಿನಂತೆ ಭಾಸವಾಗುವುದು ಇದರಿಂದಲೇ.

ಗಾಳಿ ತೆಗೆಯಲು ಇಬ್ಬರು ಬೇಕು. ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಸ್ವಲ್ಪ ದ್ರವವಿರುವ ಸೀಸೆಯಲ್ಲಿ ಮುಳುಗಿಸಬೇಕು. ಒಬ್ಬನು ಪೆಡಲ್ಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬನು ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಿಟ್ಟು ಮತ್ತೆ ಬಿಗಿಮಾಡಬೇಕು, ಆಮೇಲೆಯೇ ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಸೇರುತ್ತದೆ. ಗುಳ್ಳೆ ಪೂರ್ತಿ ನಿಲ್ಲುವವರೆಗೂ ಮುಂದುವರಿಸಬೇಕು. ನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು, ಖಾಲಿಯಾದರೆ ಕೆಲಸ ಮೊದಲಿನಿಂದ.

7. ಪರೀಕ್ಷೆ. ವಾಹನ ನಿಂತಿರುವಾಗ ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಿಸಿ, ಪೆಡಲ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ತಾಳಿ ರಿವರ್ಸ್ ಗೇರ್ ಹಾಕಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ ಎಂದರ್ಥ. ಕ್ಲಚ್ ಹಿಡಿಯುವ ಜಾಗ ನೆಲಕ್ಕೆ ಅಂಟಿಕೊಂಡಂತೆಯೂ ಇರಬಾರದು, ಪೆಡಲ್ ಮೇಲಕ್ಕೆ ಬಂದು ಮುಗಿಯುವಲ್ಲಿಯೂ ಇರಬಾರದು, ನಡುವಿನಲ್ಲಿರಬೇಕು. ಬಹು ಮುಖ್ಯವಾದದ್ದು, ಒಂದು ಗಂಟೆ ವಾಹನ ಓಡಿಸಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಫ್ರೀ ಪ್ಲೇಯನ್ನು ಮತ್ತೊಮ್ಮೆ ಅಳೆಯಬೇಕು. ತಣ್ಣಗಿದ್ದಾಗ ಸರಿಯಿದ್ದು ಕಾದಾಗ ಮಾಯವಾದರೆ ದೋಷ ಇನ್ನೂ ಉಳಿದಿದೆ.

ಲಕ್ಷಣ ಮತ್ತು ಕಾರಣ

ಮೆಕ್ಯಾನಿಕ್ ಬಳಿ ಹೋಗುವ ಮುನ್ನ ಚಾಲಕನಿಂದ ಕೇಳಿ ತಿಳಿಯಬೇಕಾದ ಸಂಗತಿಗಳಿವು.

ಪೆಡಲ್ ತಿಂಗಳುಗಟ್ಟಲೆ ನಿಧಾನವಾಗಿ ಬಿಗಿಯಾಗುತ್ತಾ ಬಂದಿದ್ದರೆ: ಬುಷ್ ಒಣಗಿರಬಹುದು ಅಥವಾ ಕ್ಲಚ್ ಪ್ಲೇಟ್ ಸವೆದಿರಬಹುದು. ಡಯಾಫ್ರಾಂ ಸ್ಪ್ರಿಂಗ್ ಇರುವ ಕ್ಲಚ್ಚಿನಲ್ಲಿ ಪ್ಲೇಟ್ ಸವೆದಂತೆ ಪೆಡಲ್ ಭಾರವಾಗುವುದು ಸ್ವಾಭಾವಿಕ.

ಹೊಸ ಪ್ರೆಶರ್ ಪ್ಲೇಟ್ ಹಾಕಿದ ದಿನದಿಂದಲೇ ಬಿಗಿಯಾಗಿದ್ದರೆ: ಬೇರೆ ದರ್ಜೆಯ ಸ್ಪ್ರಿಂಗ್ ಇರುವ ಪ್ಲೇಟ್ ಬಂದಿರಬಹುದು.

ಸ್ಪಂಜಿನಂತಿದ್ದು ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಗಟ್ಟಿಯಾಗುವಂತಿದ್ದರೆ: ಗಾಳಿ ಸೇರಿದೆ.

ಒತ್ತಿ ಹಿಡಿದಾಗ ಮೆಲ್ಲಗೆ ನೆಲದತ್ತ ಇಳಿದರೆ: ವಾಷರ್ ಸವೆದು ದ್ರವ ಹಿಂದಕ್ಕೆ ನುಸುಳುತ್ತಿದೆ. ಹೊರಗೆ ಒಂದು ಹನಿ ಸೋರದೆಯೂ ಹೀಗಾಗಬಹುದು.

ಪೆಡಲ್ ಬಿಟ್ಟರೂ ತಡವಾಗಿ ಮೇಲೇಳುತ್ತಿದ್ದರೆ: ರಬ್ಬರ್ ಹೋಸ್ ಒಳಗೆ ಊದಿ ದಾರಿ ಕಿರಿದಾಗಿರಬಹುದು. ಹೊರನೋಟಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ.

ಕೆಲವು ಹೊಸ ವಾಹನಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್ ಪೆಟ್ಟಿಗೆಯ ಒಳಗೆ ಬೇರಿಂಗಿನೊಡನೆ ಒಂದೇ ಘಟಕವಾಗಿ ಇರುತ್ತದೆ. ಅಲ್ಲಿ ಫೋರ್ಕು ಇರುವುದಿಲ್ಲ. ಇಂಥ ವಾಹನದಲ್ಲಿ ಕ್ಲಚ್ ಪ್ಲೇಟ್ ಬದಲಾಯಿಸುವಾಗ ಈ ಘಟಕವನ್ನೂ ಬದಲಾಯಿಸುವುದು ವಿವೇಕ. ಅದೊಂದಕ್ಕಾಗಿ ಗೇರ್ ಪೆಟ್ಟಿಗೆಯನ್ನು ಮತ್ತೊಮ್ಮೆ ಇಳಿಸಿದರೆ ಕೂಲಿ ಎರಡು ಪಟ್ಟು.

ಮೆಕ್ಯಾನಿಕ್ ಕಂಡುಹಿಡಿದದ್ದು

ಈಗ ಮೊದಲಿನ ಪ್ರಕರಣಕ್ಕೆ ಬರೋಣ. ಒಂದೂವರೆ ವರ್ಷದ ಹಿಂದೆ ಆ ವಾಹನದಲ್ಲಿ ಗೇರ್ ಬೀಳುವುದು ಕಷ್ಟವಾಗಿತ್ತು. ಕಾರಣ, ದ್ರವದಲ್ಲಿ ಗಾಳಿ ಸೇರಿತ್ತು. ಅಂದು ಕೆಲಸ ಮಾಡಿದವರು ಗಾಳಿ ತೆಗೆಯುವ ಬದಲು ಪುಷ್ ರಾಡನ್ನು ಉದ್ದ ಮಾಡಿ, ಸಡಿಲವನ್ನೆಲ್ಲ ತೆಗೆದು, ಪೆಡಲ್ ಮೇಲಿನಿಂದಲೇ ಹಿಡಿಯುವಂತೆ ಮಾಡಿಕೊಟ್ಟಿದ್ದರು. ಗೇರ್ ಬಿದ್ದಿತು, ಎಲ್ಲರಿಗೂ ಸಮಾಧಾನವಾಯಿತು. ಆದರೆ ರಂಧ್ರ ಮುಚ್ಚಿಕೊಂಡಿತು. ಎಂಜಿನ್ ಕಾದಾಗಲೆಲ್ಲ ಕ್ಲಚ್ ಜಾರಿ ಪ್ಲೇಟ್ ಸುಟ್ಟಿತು. ಪ್ಲೇಟ್ ಬದಲಾಯಿಸಿದರು, ಪುಷ್ ರಾಡನ್ನು ಯಾರೂ ಮುಟ್ಟಲಿಲ್ಲ. ಎರಡನೆಯದೂ ಸುಟ್ಟಿತು, ಮೂರನೆಯದೂ ಸುಟ್ಟಿತು. ಇದರೊಡನೆ ಪೆಡಲ್ ಬುಷ್ ಒಣಗಿತ್ತು, ಆಸನದ ಹಳಿ ತುಕ್ಕು ಹಿಡಿದು ಹಿಂದಿನ ಕೊನೆಯಲ್ಲಿ ನಿಂತುಬಿಟ್ಟಿತ್ತು. ಕುಳ್ಳಗಿನ ಚಾಲಕ ಪ್ರತಿ ಬಾರಿಯೂ ಕಾಲು ಚಾಚಿ ಒತ್ತುತ್ತಿದ್ದ.

ಆಸನದ ಹಳಿ ಬಿಡಿಸಿ, ಬುಷ್ ಬದಲಾಯಿಸಿ, ಹೊಸ ದ್ರವ ತುಂಬಿ, ಗಾಳಿ ತೆಗೆದು, ಪುಷ್ ರಾಡಿನ ಅಂತರ ಸರಿಪಡಿಸಿದ್ದಕ್ಕೆ ಬಂದ ಬಿಲ್ಲು ಎರಡು ಸಾವಿರ ರೂಪಾಯಿಯೊಳಗೆ. ಸಂಜೆ ವಾಹನ ತಂದು ನಿಲ್ಲಿಸಿದ ಚಾಲಕ ಹೆಚ್ಚು ಮಾತಾಡಲಿಲ್ಲ. “ಈಗ ಗಾಡಿ ಮಾತು ಕೇಳುತ್ತದೆ” ಎಂದ. ಕಕ್ಷಿದಾರರು ಕಡಿತ ಮಾಡಿದ್ದ ಹಣವನ್ನು ಆ ತಿಂಗಳ ಸಂಬಳದೊಡನೆ ಹಿಂದಿರುಗಿಸಿದರು. ಆ ನಮೂದನ್ನು ಪುಸ್ತಕದಲ್ಲಿ ಕಂಡಾಗ ನನಗಾದ ಸಂತೋಷ ಸಣ್ಣದಲ್ಲ. ಆ ಚಾಲಕ ಈಗಲೂ ಅಲ್ಲಿಯೇ ಇದ್ದಾನೆ.

ಲೆಕ್ಕ ಮತ್ತು ಕಾನೂನಿನ ಅಂಶಗಳು

ಈ ಸಂದರ್ಭದಲ್ಲಿ ಸದಸ್ಯರು ಗಮನದಲ್ಲಿಡಬೇಕಾದ ಕೆಲವು ಅಂಶಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಒಂದನೆಯದಾಗಿ, ಸಂಬಳದಲ್ಲಿ ಕಡಿತ. ಕೆಲಸಗಾರನ ನಿರ್ಲಕ್ಷ್ಯದಿಂದ ನೇರವಾಗಿ ಆದ ನಷ್ಟವನ್ನು ಮಾತ್ರ ವೇತನದಿಂದ ಕಡಿತ ಮಾಡಬಹುದು. ಅದಕ್ಕೆ ಮುನ್ನ ಅವನಿಗೆ ವಿವರಣೆ ನೀಡಲು ಅವಕಾಶ ಕೊಡಲೇಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇದೇ ನಿಯಮವಿದೆ. ಸುಟ್ಟ ಪ್ಲೇಟ್ ತಾನಾಗಿಯೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದೆಂಬುದನ್ನು ಮೇಲಿನ ಪ್ರಕರಣ ತೋರಿಸುತ್ತದೆ.

ಎರಡನೆಯದಾಗಿ, ಆದಾಯ ತೆರಿಗೆ. ಕ್ಲಚ್ ದುರಸ್ತಿ ಚಾಲ್ತಿ ದುರಸ್ತಿಯೇ, ಬಂಡವಾಳ ವೆಚ್ಚವೇ ಎಂಬ ಪ್ರಶ್ನೆ ಬರುತ್ತದೆ. ಇರುವ ಆಸ್ತಿಯನ್ನು ಕಾಪಾಡಿಕೊಂಡು ಹೋಗುವ ಖರ್ಚು ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ಖರ್ಚು ಅಲ್ಲ ಎಂಬ ಒರೆಗಲ್ಲನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಬಳಸಿತು. ವಾಹನ ಆಸ್ತಿ, ಕ್ಲಚ್ ಅದರ ಒಂದು ಭಾಗ. ಆದ್ದರಿಂದ ಪ್ಲೇಟ್, ಸಿಲಿಂಡರ್, ಬುಷ್‌ಗಳ ಖರ್ಚನ್ನು ಅದೇ ವರ್ಷ ಪೂರ್ತಿ ಕಳೆಯಬಹುದು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾದರೂ ತತ್ವ ಬದಲಾಗಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಪಾವತಿಸಿದ ಖರ್ಚು ಸಾಮಾನ್ಯವಾಗಿ ಒಪ್ಪಿತವಾಗದು. ಗ್ಯಾರೇಜಿನ ದೊಡ್ಡ ಬಿಲ್ಲನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು.

ಮೂರನೆಯದಾಗಿ, ಜಿಎಸ್‌ಟಿ. ವಾಹನದ ಬಿಡಿಭಾಗಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ದರ ಅನ್ವಯವಾಗಿದೆ. ಅದಕ್ಕೆ ಮುಂಚೆ ಹೆಚ್ಚಿನವು ಶೇ. 28ರಲ್ಲಿದ್ದವು. ಸರಕು ಸಾಗಣೆಯ ವಾಹನದ ಬಿಡಿಭಾಗ ಹಾಗೂ ದುರಸ್ತಿಯ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುತ್ತದೆ. ಮಾಲೀಕರ ಕಾರಿಗೆ ಸಾಮಾನ್ಯವಾಗಿ ದೊರೆಯದು. ಆದ್ದರಿಂದ ಎರಡರ ಬಿಲ್ಲುಗಳನ್ನೂ ಬೆರೆಸಬಾರದು. ಬಿಲ್ಲಿನಲ್ಲಿ ತಮ್ಮ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯೂ ವಾಹನದ ನೋಂದಣಿ ಸಂಖ್ಯೆಯೂ ಇರುವಂತೆ ಕೇಳಿ ಬರೆಸಿಕೊಳ್ಳಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ.

ನಾಲ್ಕನೆಯದಾಗಿ, ವಾಹನವಾರು ಲೆಕ್ಕ. ಪ್ರತಿ ವಾಹನಕ್ಕೂ ಒಂದು ಪುಟ ತೆರೆದು ದಿನಾಂಕ, ಓಡಿದ ಕಿಲೋಮೀಟರ್, ಮಾಡಿದ ಕೆಲಸ, ಹಾಕಿದ ಭಾಗ, ಚಾಲಕ ಹೇಳಿದ ದೂರು ಇಷ್ಟನ್ನು ಬರೆದಿಡಬೇಕು. ನನ್ನ ಕಕ್ಷಿದಾರರ ಬಳಿ ಇಂಥ ಪುಟವಿದ್ದಿದ್ದರೆ ಎರಡನೆಯ ಪ್ಲೇಟ್ ಸುಟ್ಟಾಗಲೇ ಅನುಮಾನ ಬರುತ್ತಿತ್ತು. ‘ಬಿಸಿಯಾದ ಮೇಲೆ ಜಾರುತ್ತದೆ’ ಎಂಬ ಮಾತನ್ನು ಚಾಲಕ ಮೊದಲ ಸಲವೇ ಹೇಳಿದ್ದನಂತೆ. ಬರೆದುಕೊಂಡವರು ಯಾರೂ ಇರಲಿಲ್ಲ.

ಕೊನೆಯ ಮಾತು

ಕ್ಲಚ್ ಕೆಲಸ ತಿಳಿದವರೇ ಮಾಡಬೇಕಾದದ್ದು. ಮಾಲೀಕರು ಸ್ಪ್ಯಾನರ್ ಹಿಡಿಯಬೇಕೆಂಬುದು ಈ ಲೇಖನದ ಆಶಯವಲ್ಲ. ಏನನ್ನು ಕೇಳಬೇಕೆಂದು ತಿಳಿದಿದ್ದರೆ ಸಾಕು: ಫ್ರೀ ಪ್ಲೇ ಎಷ್ಟಿಟ್ಟಿರಿ, ಗಾಳಿ ತೆಗೆದಿರಾ, ದ್ರವ ಯಾವ ದರ್ಜೆಯದು, ಕಾದ ಮೇಲೆ ಪರೀಕ್ಷಿಸಿದಿರಾ? ಈ ನಾಲ್ಕು ಪ್ರಶ್ನೆ ಕೇಳುವ ಗಿರಾಕಿಯ ಕೆಲಸವನ್ನು ಯಾವ ಮೆಕ್ಯಾನಿಕ್ಕೂ ಅರ್ಧಕ್ಕೆ ಬಿಡುವುದಿಲ್ಲ.

ಸದಸ್ಯರು ಈ ವಾರ ತಮ್ಮ ಸರಕು ವಾಹನದ ಚಾಲಕನ ಆಸನದಲ್ಲಿ ಒಮ್ಮೆ ಕುಳಿತು, ಎಂಜಿನ್ ನಿಲ್ಲಿಸಿಯೇ, ಕ್ಲಚ್ ಪೆಡಲ್ಲನ್ನು ಇಪ್ಪತ್ತು ಬಾರಿ ಒತ್ತಿ ನೋಡಲಿ. ಅವರ ಚಾಲಕರು ಅದನ್ನು ದಿನವೂ ನೂರಾರು ಬಾರಿ ಒತ್ತುತ್ತಾರೆ. ಆ ಬಳಿಕ ಅವರೊಡನೆ ಎರಡು ನಿಮಿಷ ಮಾತನಾಡಿ ಕೇಳಿದ್ದನ್ನು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ದುರಸ್ತಿಯ ಬಿಲ್ಲು ಬಂದಾಗ ಮೊದಲು ನೋಡಬೇಕಾದದ್ದು ಆ ಪುಟವನ್ನೇ.